ಕೆಳಗಿನ ಅಂಕಿ, ಮೇಲಿನ ಅಂಕಿ

ಹುಕ್ಕೇರಿ
೬ ಫೆಬ್ರುವರಿ ೧೯೩೮

ಸೋಮಪ್ಪನವರ ಛಾಪಖಾನೆಯಲ್ಲಿ ಕರಡು ತಿದ್ದುವವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. "ನಮ್ಮಲ್ಲಿ ಈಗ ಒಬ್ಬ ಬಿ.ಎ. ಬಂದಾನ್ರಿ, ಏನಿದ್ರೂ ಅವಗ ಬರೀರಿ" ಎಂದು ಸೋಮಪ್ಪನವರು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹನ್ನೊಂದು ವರ್ಷದಿಂದ ಲೆಕ್ಕ ಕಲಿಸುತ್ತಿದ್ದೇನೆ. ಜೊತೆಗಿರುವ ಕಟ್ಟಿನಲ್ಲಿ ನಾನು ಕನ್ನಡದಲ್ಲಿ ಬರೆದ ಬೀಜಗಣಿತವಿದೆ. ಅಚ್ಚಾದರೆ ನಲವತ್ತೆಂಟು ಪುಟ ಆದೀತು. ಐನೂರು ಪ್ರತಿ ಬೇಕು. ಪಠ್ಯಪುಸ್ತಕ ಸಮಿತಿಯವರು ಕೈಬರಹ ನೋಡುವುದಿಲ್ಲ. ಅಚ್ಚಾದ ಪುಸ್ತಕವನ್ನೇ ನೋಡುತ್ತಾರೆ, ಅದೂ ಎಪ್ರಿಲ್ ಮೂವತ್ತರೊಳಗೆ ತಲುಪಿದರೆ.

ಅವಸರ ಯಾಕೆಂದು ನಿಮಗೂ ತಿಳಿದಿರಲಿ. ನಮ್ಮ ಆರನೇ ಇಯತ್ತೆಯ ಒಂಬತ್ತು ಹುಡುಗಿಯರು ಜೂನ್ ತಿಂಗಳಲ್ಲಿ ಏಳಕ್ಕೆ ಬರುತ್ತಾರೆ. ಸಮಿತಿ ಒಪ್ಪಿದ ಪುಸ್ತಕ ಕೈಯಲ್ಲಿದ್ದರೆ ಅವರಿಗೆ ವಾರಕ್ಕೆ ಮೂರು ತಾಸು ಬೀಜಗಣಿತ. ಇಲ್ಲದಿದ್ದರೆ ಆ ತಾಸೂ ಹೊಲಿಗೆಗೆ. ಶಾಲೆಯ ಮಂಡಳಿಯ ಹಿರಿಯರೊಬ್ಬರು ಎಲ್ಲರ ಮುಂದೆ ಕೇಳಿದರು: "ಅಕ್ಕೋರೆ, ಅ ಕೂಡಿಸು ಬ ಮಾಡಿ ಹುಡುಗ್ಯಾರು ಯಾವ ರೊಟ್ಟಿ ಬಡೀಬೇಕಾಗೇತ್ರಿ?" ಪುಸ್ತಕ ತಂದಿಟ್ಟು ಉತ್ತರ ಹೇಳುತ್ತೇನೆ ಎಂದಿದ್ದೇನೆ.

ಸಣ್ಣ ಅಂಕಿಗಳ ಮೇಲೆ ಕಣ್ಣಿಡಿರಿ. ಈ ಪುಸ್ತಕದ ಜೀವ ಅವುಗಳಲ್ಲಿದೆ.

ಚನ್ನವ್ವ
ಶಿಕ್ಷಕಿ


ಗೋಕಾಕ
೧೧ ಫೆಬ್ರುವರಿ ೧೯೩೮

ಪೂಜ್ಯ ಚನ್ನವ್ವ ಅಕ್ಕನವರಿಗೆ, ನಮಸ್ಕಾರಗಳು.

ನನ್ನ ಹೆಸರು ಬಸವಣ್ಣೆಪ್ಪ. ಧಾರವಾಡದಲ್ಲಿ ಕನ್ನಡ ಸಾಹಿತ್ಯ ಓದಿ ಬಿ.ಎ. ಮುಗಿಸಿ ಇಲ್ಲಿಗೆ ಬಂದು ಮೂರು ತಿಂಗಳಾಯಿತು. ಈವರೆಗೆ ಲಗ್ನಪತ್ರಿಕೆ ಮತ್ತು ಗೋಕಾಕ ಫಾಲ್ಸಿನ ನೂಲಿನ ಗಿರಣಿಯ ನೋಟೀಸುಗಳ ಕರಡನ್ನಷ್ಟೇ ತಿದ್ದಿದ್ದೇನೆ. ನಿಮ್ಮದೇ ನನ್ನ ಮೊದಲ ಪುಸ್ತಕ. ಎದುರಿಗೆ ಮಾತಾಡಲು ನನಗೆ ಅಷ್ಟಾಗಿ ಬರುವುದಿಲ್ಲ. ಕಾಗದದಲ್ಲಿ ಕೆಲಸ ಸುಸೂತ್ರವಾಗಿ ನಡೆಯುವುದೆಂದು ನಂಬಿದ್ದೇನೆ.

ನಿಮ್ಮ ಪುಸ್ತಕಕ್ಕೆ ಅಚ್ಚಿನ ಮೊಳೆ ಜೋಡಿಸುವವನು ಅಲ್ಲಪ್ಪ, ಮೂಡಲಗಿಯವನು. ಸಣ್ಣ ಅಂಕಿ ಹೇಗೆ ಕೂಡಿಸುವುದೆಂಬ ಚಿಂತೆ ನನಗಿತ್ತು. ಸಣ್ಣ ಕನ್ನಡ ಅಂಕಿಗಳು ನಮ್ಮಲ್ಲಿಲ್ಲ. ಕ್ಯಾಲೆಂಡರಿಗೆಂದು ತಂದ ಇಂಗ್ಲಿಷ್ ಅಂಕಿಗಳಿವೆ. ಅಲ್ಲಪ್ಪ ಅವನ್ನೇ ಬಳಸಿದ್ದಾನೆ. ನಮ್ಮ ಒಂದು ಸಾಲಿನ ದಪ್ಪದಲ್ಲಿ ಅಂಥ ಎರಡು ಸಣ್ಣ ಮೊಳೆ ಒಂದರ ಮೇಲೊಂದು ಹಿಡಿಸುತ್ತವೆ. ಒಂದು ಅಂಕಿ, ಇನ್ನೊಂದು ಮುಖವಿಲ್ಲದ ಖಾಲಿ ಮೊಳೆ. ಖಾಲಿಯದನ್ನು ಕೆಳಗಿಟ್ಟರೆ ಅಂಕಿ ಅಕ್ಷರದ ಹೆಗಲಿಗೆ ಬರುತ್ತದೆ. "ದಿನಾ ಒತ್ತಕ್ಷರ ಕೂಡ್ರಿಸೂ ಕೈಗೆ ಇದೇನ್ ದೊಡ್ಡದ್ರಿ? ಅಂಕಿಗೂ ಒಂದ್ ಕಟ್ಟಿ ಕಟ್ಟಿ ಕೊಟ್ರ ಸುಮ್ನ ಕುಂದರತೈತಿ" ಎನ್ನುತ್ತಾನೆ.

ಮೊದಲ ಹದಿನಾರು ಪುಟಗಳ ಕರಡು ಕಳಿಸಿದ್ದೇನೆ. ಅಂಕಿಗಳೆಲ್ಲ ಇಂಗ್ಲಿಷಿನಲ್ಲಿರುವುದಕ್ಕೆ ನಿಮ್ಮ ಒಪ್ಪಿಗೆ ಬೇಕು.

ನಿಮ್ಮ ವಿಧೇಯ,
ಬಸವಣ್ಣೆಪ್ಪ


ಹುಕ್ಕೇರಿ
೨೮ ಫೆಬ್ರುವರಿ ೧೯೩೮

ಬಸವಣ್ಣೆಪ್ಪನವರಿಗೆ,

ಅಂಕಿ ಇಂಗ್ಲಿಷ್ ಇರಲಿ, ಅಡ್ಡಿಯಿಲ್ಲ. ಮೊದಲ ಹದಿನಾರು ಪುಟದ ಘಾತಗಳು ಚಂದ ಬಂದವು. ಅ² ನೋಡಿ ನಾನೊಬ್ಬಳೇ ನಕ್ಕೆ. ಹನ್ನೊಂದು ವರ್ಷ ಸೀಮೆಸುಣ್ಣದಲ್ಲಿ ಬರೆದು ಒರೆಸಿದ್ದು ಈಗ ಕಾಗದದ ಮೇಲೆ ಅಲುಗಾಡದೆ ಕುಳಿತಿದೆ.

ಮೊನ್ನೆ ಬಂದ ಎರಡನೆಯ ಹದಿನಾರು ಪುಟ, ಶ್ರೇಢಿಯ ಪಾಠ, ಅದನ್ನೂ ನೋಡಿದೆ. ಎಲ್ಲ ಸರಿಯಾಗಿದೆ. ಒಂದೇ ಒಂದು ಚುಕ್ಕೆಯೂ ಬದಲಾಗುವುದು ಬೇಡ. ಅಲ್ಲಪ್ಪನ ಕೈಗೆ ನನ್ನ ಶರಣು ಹೇಳಿ. ಅಚ್ಚಿಗೆ ಬಿಡಿ.

ಚನ್ನವ್ವ


ಗೋಕಾಕ
೧೪ ಮಾರ್ಚ್ ೧೯೩೮

ಪೂಜ್ಯ ಅಕ್ಕನವರಿಗೆ,

ಎರಡನೆಯ ಫರ್ಮಾ, ಎಂದರೆ ಹದಿನೇಳರಿಂದ ಮೂವತ್ತೆರಡನೆಯ ಪುಟದವರೆಗಿನ ಹಾಳೆ, ಐನೂರು ಪ್ರತಿ ಅಚ್ಚಾಯಿತು. ಹತ್ತು ಹಾಳೆಗಳನ್ನು ಪೊಟ್ಟಣ ಮಾಡಿ ಕಳಿಸಿದ್ದೇನೆ. ಮೂರನೆಯ ಫರ್ಮಾಕ್ಕೆ ಅವೇ ಸಣ್ಣ ಅಂಕಿಗಳು ಬೇಕಾದ್ದರಿಂದ ಇದರ ಮೊಳೆಗಳನ್ನೆಲ್ಲ ಬಿಚ್ಚಿ ಖಾನೆಗಳಿಗೆ ಹಾಕಲಾಗಿದೆ. ಎಪ್ರಿಲ್ ಹತ್ತರೊಳಗೆ ಪುಸ್ತಕ ನಿಮ್ಮ ಕೈ ಸೇರುವುದು.

ಅವಸರದಲ್ಲಿ ಬರೆಯುವವರ ಕೈ ಅಲ್ಲಲ್ಲಿ ಜಾರುವುದು ಸಹಜ. ಅದನ್ನು ಸದ್ದಿಲ್ಲದೆ ಸರಿಮಾಡುವುದು ಒಳ್ಳೆಯ ಛಾಪಖಾನೆಯ ಧರ್ಮವೆಂದು ನಾನು ತಿಳಿದಿದ್ದೇನೆ. ಇದಕ್ಕಿಂತ ಹೆಚ್ಚು ಹೇಳುವುದು ಉಚಿತವಲ್ಲ.

ನಿಮ್ಮ ವಿಧೇಯ,
ಬಸವಣ್ಣೆಪ್ಪ


ಹುಕ್ಕೇರಿ
೧೯ ಮಾರ್ಚ್ ೧೯೩೮

ಬಸವಣ್ಣೆಪ್ಪನವರಿಗೆ,

ಹಾಳೆಗಳು ಬಂದವು. ನಾನು ನೋಡುವ ಮೊದಲೇ ಉತ್ಸಾಹದಲ್ಲಿ ತರಗತಿಗೆ ಒಯ್ದು ಹಂಚಿದೆ. ಅದು ನನ್ನ ತಪ್ಪು.

ಹತ್ತೊಂಬತ್ತನೆಯ ಪುಟದ ಲೆಕ್ಕ ನಿಮಗೆ ನೆನಪಿರಬೇಕು. ಒಬ್ಬಾಕೆ ಮೊದಲ ದಿನ ಎರಡು ಕೊಡ ನೀರು ತರುತ್ತಾಳೆ, ಆಮೇಲೆ ದಿನಕ್ಕೆ ಮೂರು ಮೂರು ಕೊಡ ಹೆಚ್ಚು. ಮೂರನೆಯ ದಿನ ಎಷ್ಟು, ನಾಲ್ಕನೆಯ ದಿನ ಎಷ್ಟು? ನಾನು ಬರೆದದ್ದು ಅ₃ = 8, ಅ₄ = 11. ಅಚ್ಚಾದದ್ದು ಅ³ = 8, ಅ⁴ = 11.

ಕೆಂಪವ್ವ ಎಂಬ ಹುಡುಗಿ ಎದ್ದು ನಿಂತಳು. "ಅಕ್ಕೋರೆ, ಎರಡನ್ನ ನಾಕು ಸಲ ಗುಣಿಸಿದ್ರ ಹದಿನಾರು ಬರ್ತೈತಿ. ಇಲ್ಲಿ ಹನ್ನೊಂದು ಐತಿ. ಪುಸ್ತಕ ಸುಳ್ಳ ಹೇಳತೈತೇನ್ರಿ?"

ಅವಳ ಬಾಜೂ ಕುಳಿತವಳು, "ಇಲ್ಲ ಬಿಡ, ಐದು ಕೊಡ ಹಾದ್ಯಾಗ ಚೆಲ್ಲಿರಬೇಕು" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಗಬೇಕಾಯಿತು. ಆದರೆ ಸಮಿತಿಯವರು ನಗುವುದಿಲ್ಲ. ಇಷ್ಟೂ ಪುಟಗಳಲ್ಲಿ ಒಂದೇ ಒಂದು ಅಂಕಿ ಕೆಳಗೆ ಉಳಿದಿಲ್ಲ. ಎಲ್ಲ ಮೇಲೆ. ಈ ಹಾಳೆ ಹೋದರೆ ಪುಸ್ತಕ ಬಿತ್ತು, ತಾಸೂ ಹೋಯಿತು.

ನಾನು ನೋಡಿದ ಕರಡಿನಲ್ಲಿ ಅವು ಕೆಳಗೇ ಇದ್ದವು. ಆಮೇಲೆ ಏನಾಯಿತು?

ಚನ್ನವ್ವ


ಗೋಕಾಕ
೨೪ ಮಾರ್ಚ್ ೧೯೩೮

ಪೂಜ್ಯ ಅಕ್ಕನವರಿಗೆ,

ನಿಮ್ಮ ಕಾಗದ ನೋಡಿ ಸೋಮಪ್ಪನವರಿಗೂ ನನಗೂ ಬಹಳ ಖೇದವಾಯಿತು. ಕೊನೆಯ ಕರಡಿಗೂ ಅಚ್ಚಿಗೂ ನಡುವೆ ಅಂಕಿಗಳು ಮೇಲಕ್ಕೆ ಹೋಗಿರುವುದು ನಿಜ. ಆ ಹದಿನಾರು ಪುಟಗಳನ್ನು ಹೊಸದಾಗಿ ಜೋಡಿಸಿ ಅಚ್ಚು ಮಾಡಿಕೊಡಲು ಸೋಮಪ್ಪನವರು ಒಪ್ಪಿದ್ದಾರೆ.

ಆದರೆ ಅಲ್ಲಪ್ಪ ಈಗ ಮೂಡಲಗಿಗೆ ಹೋಗಿದ್ದಾನೆ. ಊರಲ್ಲಿ ಅರಿಷಿಣ ಕುದಿಸಿ ಒಣಗಿಸುವ ಕೆಲಸವಂತೆ. ಲಗ್ನಪತ್ರಿಕೆ ಜೋಡಿಸುವ ಲಕ್ಕಪ್ಪನಿಗೆ ನಿಮ್ಮ ಪುಸ್ತಕ ಕೊಟ್ಟಿದ್ದೇವೆ. ಎರಡು ದಿನದಲ್ಲಿ ಅರ್ಧ ಪುಟವಾಗಿದೆ. ಸೂತ್ರ ಬಂದಲ್ಲೆಲ್ಲ ಅವನ ಸಾಲು ಸಡಿಲವಾಗಿ ಮೊಳೆಗಳು ಉದುರುತ್ತವೆ. ಪ್ರಯತ್ನ ನಡೆದಿದೆ.

ನಿಮ್ಮ ವಿಧೇಯ,
ಬಸವಣ್ಣೆಪ್ಪ


ಹುಕ್ಕೇರಿ
೨೯ ಮಾರ್ಚ್ ೧೯೩೮

ಬಸವಣ್ಣೆಪ್ಪನವರೇ,

ಅಂಕಿಗಳಿಗೆ ಕಾಲಿಲ್ಲ. ಅವು ತಾವಾಗಿ ಮೇಲಕ್ಕೆ ಹೋಗುವುದಿಲ್ಲ.

ನೀವು ಹತ್ತು ಹಾಳೆ ಕಳಿಸಿದಿರಲ್ಲ, ಆ ಪೊಟ್ಟಣಕ್ಕೆ ಸುತ್ತಿದ ಕಾಗದ ಯಾವುದೆಂದು ನೋಡಿದ್ದಿರಾ? ಅದು ಹತ್ತೊಂಬತ್ತನೆಯ ಪುಟದ ಹಳೆಯ ಕರಡು. ಅದರಲ್ಲಿ ಅಂಕಿಗಳು ಕೆಳಗಿವೆ, ಪ್ರತಿಯೊಂದಕ್ಕೂ ನೀಲಿ ಪೆನ್ಸಿಲಿನ ಸುತ್ತು ಇದೆ, ಅಂಚಿನಲ್ಲಿ "ಮೇಲೆ", "ಮೇಲೆ", "ಮೇಲೆ" ಎಂದು ಬರೆದಿದೆ. ಅಕ್ಷರ ದುಂಡಗೆ, ಬಹಳ ಚಂದ. ನಿಮ್ಮ ಕಾಗದಗಳ ಅಕ್ಷರವೇ.

ಮೊದಲ ದಿನವೇ ನನಗೆ ಗೊತ್ತಾಗಿತ್ತು. ನೀವೇ ಹೇಳುತ್ತೀರಿ ಎಂದು ಹತ್ತು ದಿನ ಕಾದೆ.

ಅಲ್ಲಪ್ಪ ನಿಜವಾಗಿಯೂ ಅರಿಷಿಣದ ಕೆಲಸಕ್ಕೆ ಹೋದನೇ?

ಚನ್ನವ್ವ


ಗೋಕಾಕ
೨ ಎಪ್ರಿಲ್ ೧೯೩೮

ಅಕ್ಕನವರಿಗೆ,

ಇಲ್ಲ.

ಎಲ್ಲವನ್ನೂ ಬರೆಯುತ್ತೇನೆ. ಶಾಲೆಯಲ್ಲಿ ನಾನು ಕಲಿತದ್ದು ಮೇಲಿನ ಅಂಕಿಯನ್ನಷ್ಟೇ. ವರ್ಗ, ಘನ, ಅಲ್ಲಿಗೆ ಮುಗಿಯಿತು. ಆಮೇಲೆ ಸಾಹಿತ್ಯಕ್ಕೆ ಹೋದೆ. ಅಕ್ಷರದ ಕೆಳಗೂ ಅಂಕಿ ಇರಬಹುದೆಂದು ನಾನು ಕಂಡಿರಲಿಲ್ಲ. ನಿಮ್ಮ ಶ್ರೇಢಿಯ ಪಾಠದಲ್ಲಿ ಅವು ಕೆಳಗಿದ್ದುದನ್ನು ನೋಡಿ, ಅಕ್ಕನವರ ಕೈ ಜಾರಿದೆ ಎಂದುಕೊಂಡೆ. ಅಲ್ಲಪ್ಪನೂ ಒತ್ತಕ್ಷರ ಕೂಡಿಸುವ ರೂಢಿಯಲ್ಲಿ ಕಣ್ಣು ಮುಚ್ಚಿ ಕೆಳಗೆ ಕೂಡಿಸಿದ್ದಾನೆ ಎಂದುಕೊಂಡೆ. ನೀವು "ಸಣ್ಣ ಅಂಕಿಗಳ ಮೇಲೆ ಕಣ್ಣಿಡಿರಿ" ಎಂದು ಬರೆದದ್ದು ಇದಕ್ಕೇ ಎಂದು ಖಾತ್ರಿಯಾಯಿತು. ನಿಮಗೆ ಹೇಳಿ ಮುಜುಗರ ಮಾಡಬಾರದೆಂದು ಸುಮ್ಮನಿದ್ದೆ.

ಪರೀಕ್ಷೆ ಮಾಡದೆ ತಿದ್ದಲಿಲ್ಲ ಎಂಬುದೇ ಈಗ ಹೆಚ್ಚು ನಾಚಿಕೆಯ ಮಾತು. ಕೊಡದ ಲೆಕ್ಕವನ್ನು ತೆಗೆದುಕೊಂಡೆ. ಅ ಎಂದರೆ ಎರಡು. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ನಿಮ್ಮ ಉತ್ತರವೂ ಎಂಟು. ಮೇಲೆಯೇ ಇರಬೇಕೆಂದು ಸಿದ್ಧವಾಯಿತು! ಮುಂದಿನ ಸಾಲಿನ ಹನ್ನೊಂದಕ್ಕೆ ಹೋಗಲೇ ಇಲ್ಲ.

ಅಲ್ಲಪ್ಪ ನನ್ನನ್ನು ತಡೆದಿದ್ದ. "ಅಕ್ಕೋರು ಕೆಳಗ ಬರದಾರ್ರಿ. ಮೊದಲನೇ ಪಾಠದಾಗ ಮ್ಯಾಲ ಬರದಿದ್ರು, ಮ್ಯಾಲ ಹಾಕಿದೆ. ಇಲ್ಲಿ ಕೆಳಗ ಬರದಾರ, ಕೆಳಗ ಹಾಕೇನಿ."

ನಾನು ಕೇಳಿದೆ, "ನೀ ಎಷ್ಟನೇ ಇಯತ್ತೆ ಓದೀ ಅಲ್ಲಪ್ಪಾ?"

"ಮೂರನೇದ್ರಿ."

"ಮೂರನೇ ಇಯತ್ತೆದಾಗ ಬೀಜಗಣಿತ ಕಲ್ತೀ ಏನು?"

ಅಲ್ಲಿದ್ದ ಲಕ್ಕಪ್ಪ ನಕ್ಕ. ಅಲ್ಲಪ್ಪ ಚಿಮಟ ತೆಗೆದುಕೊಂಡು, ಜೋಡಿಸಿಟ್ಟ ಪುಟಗಳ ಮೇಲೆ ಬಾಗಿ, ಮುನ್ನೂರಕ್ಕೂ ಹೆಚ್ಚು ಕಡೆ ಅಂಕಿ ಎತ್ತಿ ಮೇಲಿಟ್ಟು, ಖಾಲಿ ಮೊಳೆಯನ್ನು ಕೆಳಗಿಟ್ಟ. ಎರಡು ದಿನ ಹಿಡಿಯಿತು.

ನಿಮ್ಮ ಹತ್ತೊಂಬತ್ತನೇ ತಾರೀಖಿನ ಕಾಗದವನ್ನು ಸೋಮಪ್ಪನವರು ಎಲ್ಲರ ಮುಂದೆ ಓದಿಸಿ ಅಲ್ಲಪ್ಪನ ಮೇಲೆ ಹರಿಹಾಯ್ದರು. "ಮೊಳಿ ಜೋಡಸಾಂವ ನೀನೋ ನಿಮ್ಮಪ್ಪನೋ?" ಅಲ್ಲಪ್ಪ ನನ್ನ ಕಡೆ ನೋಡಿದ. ಬಹಳ ಹೊತ್ತೇನಲ್ಲ, ನಾನು ಬಾಯಿ ತೆರೆಯುವುದಕ್ಕೆ ಸಾಕಾಗುವಷ್ಟು. ನಾನು ಮೇಜಿನ ಮೇಲಿನ ನೋಟೀಸಿನಲ್ಲಿ ತಪ್ಪು ಹುಡುಕುತ್ತ ಕುಳಿತೆ. ಅವನು ಅಂಗಿಯ ತೋಳು ಇಳಿಸಿಕೊಂಡು ಹೊರಟುಹೋದ.

ನಾಳೆ ಬೆಳಗಿನ ಮೋಟಾರಿಗೆ ಮೂಡಲಗಿಗೆ ಹೋಗುತ್ತೇನೆ. ಅವನು ಬರದಿದ್ದರೆ ಪುಸ್ತಕವಾಗುವುದಿಲ್ಲ. ಪುಸ್ತಕವಿರಲಿ ಬಿಡಲಿ, ಹೋಗಲೇಬೇಕು.

ಬಸವಣ್ಣೆಪ್ಪ


ಮೂಡಲಗಿ
೩ ಎಪ್ರಿಲ್ ೧೯೩೮

ಅಕ್ಕನವರಿಗೆ,

ಅಲ್ಲಪ್ಪನ ಮನೆಯ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಅಂಗಳದಲ್ಲಿ ಅವನು ಕುದಿಸಿದ ಅರಿಷಿಣ ಹರವುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಅವನ ತಾಯಿ ಮುದಕವ್ವ ಬಾಗಿಲಿಗೆ ಬಂದು ಕೇಳಿದಳು: "ಯಾರಪಾ ನೀ?"

"ಗೋಕಾಕದ ಛಾಪಖಾನ್ಯಾಂವ ಬೇ."

"ನಮ್ಮ ಹುಡುಗನ್ನ ಹೊರಗ ಹಾಕ್ಸಿದಾಂವ ನೀನಾ ಏನ?"

"ಹೌದಬೇ, ನಾನ."

ನನ್ನ ಬಾಯಿಂದ ಅದು ಅಷ್ಟು ಸಲೀ‌ಸಾಗಿ ಬಂದುದಕ್ಕೆ ನನಗೇ ಆಶ್ಚರ್ಯವಾಯಿತು. ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಬಿಸಲಾಗ ಬಂದೀ. ಒಳಗ ಬಾ, ಮೊದಲ ಉಣ್ಣು. ಆಮ್ಯಾಲ ಬೈತೇನಿ."

ಉಂಡೆ. ಆಕೆ ಮಾತು ತಪ್ಪಲಿಲ್ಲ; ನಾನು ಕೈ ತೊಳೆಯುತ್ತಲೇ ಶುರುಮಾಡಿದಳು. ಮುಗಿದ ಮೇಲೆ ಅಲ್ಲಪ್ಪನ ಹತ್ತಿರ ಹೋಗಿ, ತಪ್ಪು ನನ್ನದೆಂದು ಸೋಮಪ್ಪನವರ ಮುಂದೆ, ಎಲ್ಲರ ಎದುರಿಗೆ ಹೇಳುತ್ತೇನೆ ಎಂದೆ.

"ಅದು ನೀವು ಹೇಳೂ ಮಾತು, ಹೇಳ್ರಿ" ಎಂದ. "ನಾ ಅದನ್ನ ಕೇಳಾಕತ್ತಿಲ್ಲ."

"ಮತ್ತೇನು ಬೇಕು?"

ಅವನು ಎರಡು ಅರಿಷಿಣದ ಕೊಂಬು ತೆಗೆದುಕೊಂಡು ನೆಲದ ಮೇಲೆ ಒಂದರ ಮೇಲೊಂದು ಇಟ್ಟ. ಆಮೇಲೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿದ.

"ಒಂದ ಅಂಕಿ, ಒಂದ ಮೊಳಿ. ಮ್ಯಾಲಿಟ್ರ ಒಂದರ್ಥ, ಕೆಳಗಿಟ್ರ ಇನ್ನೊಂದರ್ಥ. ಯಾಕ? ಇದನ್ನ ತಿಳಿಸ್ರಿ, ಇವತ್ತ ಬರ್ತೇನಿ. ನೀವು ಮೊನ್ನೆ ಕೇಳಿದ್ರಿ, ಬೀಜಗಣಿತ ಕಲ್ತೀ ಏನು ಅಂತ. ಕಲ್ತಿಲ್ಲ, ಅದಕ್ಕ ಬಾಯಿ ಮುಚ್ಚಿದೆ. ಖರೆ ನಂದಿತ್ತು, ಆದ್ರ ಯಾಕ ಖರೆ ಅಂತ ನನಗ ಗೊತ್ತಿರಲಿಲ್ಲ. ಗೊತ್ತಿಲ್ದಾವನ್ನ ಯಾರ ಬೇಕಾದ್ರೂ ಅಂಜಿಸ್ತಾರ. ಇನ್ನೊಮ್ಮಿ ತಿಳೀದ ಜೋಡಸಂಗಿಲ್ರಿ."

ನಾನು ಹೇಳಲು ಬಾಯಿ ತೆರೆದೆ. ಮೇಲಿನದು ಹೇಳಿದೆ. ಕೆಳಗಿನದಕ್ಕೆ ಬಂದಾಗ ಎರಡು ಮಾತು ಹೇಳಿ ತಡವರಿಸಿದೆ. ಅವನು ನಕ್ಕ. ಕೆಟ್ಟ ನಗುವಲ್ಲ. "ಬಿ.ಎ. ಸಾಹೇಬ್ರಿಗೂ ಬರಂಗಿಲ್ಲ ಹಂಗಾರ! ಕೂಡಿ ಕಲಿಯೂಣು ತಗೋರಿ."

ಆದ್ದರಿಂದ ಬೇಡುತ್ತೇನೆ. ಇಲ್ಲಿಗೇ ಬರೆಯಿರಿ. ಉತ್ತರ ಬರುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ. ಅರಿಷಿಣ ಹರವುತ್ತಿದ್ದೇನೆ.

ಬಸವಣ್ಣೆಪ್ಪ


ಹುಕ್ಕೇರಿ
೫ ಎಪ್ರಿಲ್ ೧೯೩೮

ತಮ್ಮ ಬಸವಣ್ಣೆಪ್ಪ, ತಮ್ಮ ಅಲ್ಲಪ್ಪ, ಇಬ್ಬರೂ ಕೂಡಿ ಓದಿರಿ.

ನನ್ನ ತರಗತಿಯಲ್ಲಿ ಇಬ್ಬರು ರಾಮವ್ವಂದಿರಿದ್ದಾರೆ. ಹಾಜರಿ ಕರೆಯುವಾಗ ಒಂದನೇ ರಾಮವ್ವ, ಎರಡನೇ ರಾಮವ್ವ ಎನ್ನುತ್ತೇನೆ. ಎರಡನೇ ರಾಮವ್ವ ಎಂದರೆ ಒಂದನೇ ರಾಮವ್ವನ ಎರಡು ಪಟ್ಟು ಎಂದಲ್ಲ. ಆಕೆ ಬೇರೆ ಹುಡುಗಿ. ಸಾಲಿನಲ್ಲಿ ಎರಡನೆಯವಳು, ಅಷ್ಟೇ. ಕೆಳಗಿನ ಅಂಕಿ ಮಾಡುವ ಕೆಲಸ ಇದೇ. ಅ₁ ಮೊದಲ ದಿನದ ಕೊಡಗಳು, ಅ₂ ಎರಡನೆಯ ದಿನದವು, ಅ₃ ಮೂರನೆಯ ದಿನದವು. ಅದು ಯಾವುದೆಂದು ಗುರುತು ಹೇಳುತ್ತದೆ. ಏನನ್ನೂ ಮಾಡು ಎನ್ನುವುದಿಲ್ಲ.

ಮೇಲಿನ ಅಂಕಿ ಅಪ್ಪಣೆ ಕೊಡುತ್ತದೆ. ಅ³ ಎಂದರೆ, ಅ ಎಂಬುದನ್ನು ಮೂರು ಸಲ ಬರೆದು ಗುಣಿಸು. ಅ ಎರಡಾಗಿದ್ದರೆ ಎರಡು ಎರಡಲೆ ನಾಲ್ಕು, ನಾಲ್ಕು ಎರಡಲೆ ಎಂಟು.

ಕೆಳಗಿನದು ಹೆಸರು, ಮೇಲಿನದು ಕೆಲಸ. ಒಂದು ಅಕ್ಷರಕ್ಕೆ ಎರಡೂ ಇರಬಹುದು. ಅ₃² ಎಂದರೆ ಮೂರನೆಯ ದಿನದ ಕೊಡಗಳ ವರ್ಗ, ಎಂಟೆಂಟಲೆ ಅರವತ್ತನಾಲ್ಕು. ಅಲ್ಲಪ್ಪಾ, ಅಲ್ಲಿ ಖಾಲಿ ಮೊಳೆಗೆ ಜಾಗವೇ ಇಲ್ಲ. ಅಂಕಿಯ ಮೇಲೆ ಅಂಕಿ ಕೂಡಬೇಕು. ಮೂವತ್ತೊಂದನೆಯ ಪುಟದಲ್ಲಿ ಇದನ್ನು ಹೊಸದಾಗಿ ಸೇರಿಸಬೇಕೆಂದಿದ್ದೇನೆ, ನಿನ್ನ ಕೈಗೆ ಆದೀತೇ?

ಬಸವಣ್ಣೆಪ್ಪ, ನಿಮ್ಮ ಎಂಟರ ಮಾತು ಓದಿ ನಾನು ಬಹಳ ಹೊತ್ತು ಯೋಚಿಸಿದೆ. ಅ₃ ಕೂಡ ಎಂಟು, ಅ³ ಕೂಡ ಎಂಟು! ಎರಡು ಬೇರೆ ದಾರಿಗಳು ಒಂದೇ ಮನೆಗೆ ಬರುವ ಲೆಕ್ಕವನ್ನು ಮೊದಲ ಉದಾಹರಣೆಯಾಗಿ ಕೊಟ್ಟವಳು ನಾನು. ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ. ಮತ್ತೆ, ಕಣ್ಣಿಡಿರಿ ಎಂದು ಬರೆದೆನೇ ಹೊರತು ಯಾಕೆಂದು ಬರೆಯಲಿಲ್ಲ. ಹೊಸ ಹಾಳೆಯಲ್ಲಿ ಎರಡು ಕೊಡ ತೆಗೆದು ನಾಲ್ಕು ಕೊಡ ಮಾಡಿರಿ: ಅ₁ = 4, ಅ₃ = 10, ಅ₄ = 13. ಈಗ ಯಾರೂ ದಾರಿ ತಪ್ಪುವುದಿಲ್ಲ.

ಇಪ್ಪತ್ತೈದು ದಿನ ಉಳಿದಿವೆ. ನೀವಿಬ್ಬರೂ ಕೂಡಿದರೆ ಸಾಕು.

ಚನ್ನವ್ವ


ಗೋಕಾಕ
೨೬ ಎಪ್ರಿಲ್ ೧೯೩೮

ಅಕ್ಕನವರಿಗೆ,

ಪುಸ್ತಕ ಹೋಯಿತು. ಸಮಿತಿಗೆ ಮೂರು ಪ್ರತಿ ಇಂದು ರಿಜಿಸ್ಟರು ಮಾಡಿ ಬಂದೆವು. ನಿಮ್ಮದು ಬೇರೆ ಪೊಟ್ಟಣದಲ್ಲಿದೆ.

ನಾವು ಮೂಡಲಗಿಯಿಂದ ಬಂದ ದಿನವೇ ಸೋಮಪ್ಪನವರ ಮುಂದೆ ನಿಂತೆ. ಲಕ್ಕಪ್ಪ ಯಂತ್ರ ನಿಲ್ಲಿಸಿ ಬಂದ. ಹೇಳಿ ಮುಗಿಸಿದೆ.

"ಹಂಗಾರ ಅವತ್ತ ನಾ ಅಲ್ಲಪ್ಪನ್ನ ಬೈದದ್ದೆಲ್ಲ ನಿನಗ ಸೇರಬೇಕಾಗಿತ್ತೇನು?"

"ಹೌದ್ರಿ."

"ಅದು ಹೋತು. ನಿನಗ ಬ್ಯಾರೇನ ಬೈಬೇಕು" ಎಂದು ಹೊಸದಾಗಿ ಶುರುಮಾಡಿದರು. ಮುಗಿಸಿ ಅಲ್ಲಪ್ಪನಿಗೆ, "ನೀ ಯಾಕ ಸುಮ್ಮನಿದ್ದಿ ಮಾರಾಯಾ? ಬಾಯಾಗೇನು ಮೊಳಿ ಇದ್ದೂ?" ಎಂದರು. ಅಲ್ಲಪ್ಪ, "ಈಗ ಉಗುಳೇನ್ರಿ" ಎಂದ.

ಕೆಲಸ ನಡೆದದ್ದು ಹೀಗೆ. ಸಣ್ಣ ಒಂದು ಮತ್ತು ಎರಡರ ಮೊಳೆಗಳು ಮೂರನೆಯ ಫರ್ಮಾದಲ್ಲಿ ಸಿಕ್ಕಿಕೊಂಡು ಕಡಿಮೆ ಬಿದ್ದುದರಿಂದ ನಾಲ್ಕು ನಾಲ್ಕೇ ಪುಟ ಜೋಡಿಸಿ, ಅಚ್ಚು ಹಾಕಿ, ಬಿಚ್ಚಿ, ಮತ್ತೆ ಜೋಡಿಸಿದೆವು. ನಾನು ನಿಮ್ಮ ಕೈಬರಹವನ್ನು ಗಟ್ಟಿಯಾಗಿ ಓದಿದೆ: "ಅ, ಕೆಳಗ ಮೂರು. ಬರೋಬ್ಬರಿ. ಅ, ಕೆಳಗ ಒಂದು. ಕೂಡಿಸು." ಅಲ್ಲಪ್ಪ ಜೋಡಿಸಿದ. ಆಮೇಲೆ ಅವನು ಕರಡನ್ನು ಓದಿದ, ನಾನು ಕೈಬರಹ ನೋಡಿದೆ. ಎರಡನೆಯ ದಿನದಿಂದ ಅವನು ಉತ್ತರಗಳನ್ನೂ ಲೆಕ್ಕಮಾಡಿ ನೋಡತೊಡಗಿದ. ಮೂವತ್ತೊಂದನೆಯ ಪುಟದ ಅ₃² ನೋಡಿರಿ. ಒಂದು ಕೂದಲಿನಷ್ಟೂ ವಾಲಿಲ್ಲ. ಅದೊಂದಕ್ಕೇ ಅವನು ಅರ್ಧ ತಾಸು ತೆಗೆದುಕೊಂಡ, ನಾನು ಅವಸರಪಡಿಸಲಿಲ್ಲ.

ಬಸವಣ್ಣೆಪ್ಪ


ಹುಕ್ಕೇರಿ
೮ ಜೂನ್ ೧೯೩೮

ತಮ್ಮಂದಿರಿಗೆ,

ಒಪ್ಪಿಗೆ ಬಂತು! ನಿನ್ನೆ ಸಮಿತಿಯ ಕಾಗದ ತಲುಪಿತು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಏಳನೇ ಇಯತ್ತೆಗೆ ಬಳಸಬಹುದು. "ಸೂತ್ರಗಳ ಮುದ್ರಣ ನಿರ್ದುಷ್ಟವಾಗಿದೆ" ಎಂದು ಒಂದು ಸಾಲು ಬೇರೆ. ಆ ಸಾಲು ನಿಮ್ಮದು, ಕತ್ತರಿಸಿ ಕಳಿಸಬೇಕೆನಿಸಿತು; ಮಂಡಳಿಗೆ ತೋರಿಸಬೇಕಾದ್ದರಿಂದ ಬಿಟ್ಟೆ.

ರೊಟ್ಟಿಯ ಮಾತಾಡಿದ ಹಿರಿಯರ ಮುಂದೆ ಪುಸ್ತಕ ಇಟ್ಟೆ. ಹಾಳೆ ತಿರುವಿದರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಮತ್ತೆ ತಿರುವಿದರು. "ಇಷ್ಟೆಲ್ಲಾ ಕನ್ನಡದಾಗ ಬರ್ತೈತೇನ್ರಿ?" ಎಂದರು. ಪುಸ್ತಕ ಮುಚ್ಚುತ್ತ, "ನಮ್ಮ ಮೊಮ್ಮಗಳೂ ಆರನೇದಕ್ಕ ಬಂದಾಳ" ಎಂದರು. ತಾಸು ಉಳಿಯಿತು.

ಒಂಬತ್ತರಲ್ಲಿ ಒಬ್ಬಳ ಲಗ್ನವಾಗಿ ಹೋಯಿತು. ಎಂಟು ಮಂದಿ ಕುಳಿತಿದ್ದಾರೆ. ಮೊದಲ ದಿನ ಪುಸ್ತಕ ಕೈಗೆ ಕೊಟ್ಟಾಗ ಕೆಂಪವ್ವ ಹತ್ತೊಂಬತ್ತನೆಯ ಪುಟವನ್ನೇ ಮೊದಲು ತೆಗೆದಳು. ಬೆರಳು ಮಡಚಿ ಎಣಿಸಿ, "ಹದಿಮೂರು. ಈಗ ಖರೆ ಹೇಳಾಕತ್ತೇತ್ರಿ" ಎಂದಳು.

ಎರಡನೆಯ ಭಾಗದ ಕೈಬರಹ ಕಳಿಸಿದ್ದೇನೆ. ಇದರಲ್ಲಿ ಶ್ರೇಢಿ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಕೆಳಗೂ ಮೇಲೂ ಅಂಕಿಗಳು ತುಂಬಿವೆ. ನಿಧಾನವಾಗಿ ಆಗಲಿ.

ಚನ್ನವ್ವ


ಗೋಕಾಕ
೩ ಜುಲೈ ೧೯೩೮

ಅಕ್ಕನವರಿಗೆ,

ಎರಡನೆಯ ಭಾಗದ ಮೊದಲ ಫರ್ಮಾ ಸಿದ್ಧವಿದೆ. ಅಚ್ಚಿಗೆ ಬಿಟ್ಟಿಲ್ಲ. ಕಾರಣ ಅಲ್ಲಪ್ಪ.

ಹನ್ನೊಂದನೆಯ ಪುಟದಲ್ಲಿ ಕಾಳಿನ ಲೆಕ್ಕವಿದೆ. ಮೊದಲ ಸಾಲಿನಲ್ಲಿ ಮೂರು ಕಾಳು, ಮುಂದೆ ಪ್ರತಿ ಸಾಲಿನಲ್ಲಿ ಹಿಂದಿನದರ ಇಮ್ಮಡಿ. ಪ್ರತಿ ಸಲ ಗುಣಿಸುವ ಆ ಎರಡಕ್ಕೆ ಗ ಎಂದು ಹೆಸರಿಟ್ಟು ನೀವು ಬರೆದದ್ದು:

ಅ₄ = ಅ₁ಗ⁴ = 48

ಅಲ್ಲಪ್ಪ ಮೊಳೆ ಕೈಯಲ್ಲಿ ಹಿಡಿದು ಹಾಗೇ ನಿಂತ. "ಇದು ಕುಂದರಾಕ ಒಲ್ಲೆ ಅನ್ನತೈತ್ರಿ" ಎಂದ. ಏನಾಯಿತೆಂದು ಕೇಳಿದೆ. "ಹತ್ತು ಪುಟದಿಂದ ನೋಡಾಕತ್ತೇನಿ. ಕೆಳಗ ಮೂರಿದ್ರ ಮ್ಯಾಲ ಎರಡು. ಕೆಳಗ ಆರಿದ್ರ ಮ್ಯಾಲ ಐದು. ಯಾವಾಗಲೂ ಮ್ಯಾಲಿಂದು ಒಂದು ಕಡಿಮಿ. ಯಾಕಂದ್ರ ಮೊದಲನೇ ಸಾಲಿಗೆ ಗುಣಸೂದ ಇಲ್ಲಲ್ರಿ, ಎರಡನೇದರಿಂದ ಸುರು. ಇಲ್ಲಿ ಮಾತ್ರ ಕೆಳಗೂ ನಾಕು, ಮ್ಯಾಲೂ ನಾಕು."

ಆಮೇಲೆ ಅವನು ಖಾಲಿ ಮೊಳೆಗಳನ್ನು ತಂದು ಪುಟ ಕಟ್ಟುವ ಕಲ್ಲಿನ ಮೇಲೆ ಸಾಲಾಗಿ ಇಟ್ಟ. ಮೂರು, ಆರು, ಹನ್ನೆರಡು, ಇಪ್ಪತ್ತನಾಲ್ಕು, ನಲವತ್ತೆಂಟು. ನಲವತ್ತೆಂಟು ಬಂದದ್ದು ಐದನೆಯ ಸಾಲಿಗೆ. ಕೆಳಗಿನ ನಾಲ್ಕು ಐದಾಗಬೇಕು ಎಂದು ಅವನ ಮಾತು. ನಾನೂ ಕುಳಿತು ಎಲ್ಲ ಸಾಲುಗಳನ್ನೂ, ಮೊದಲಿನಿಂದ ಕೊನೆಯವರೆಗೆ, ಲೆಕ್ಕ ಮಾಡಿದೆ. ಅವನದೇ ಸರಿ ಎನಿಸುತ್ತದೆ.

ಇಬ್ಬರಿಗೂ ಖಾತ್ರಿಯಿದೆ. ಆದರೆ ಪುಸ್ತಕ ನಿಮ್ಮದು. ನೀವು ಹೇಳುವವರೆಗೆ ನಾವು ಆ ನಾಲ್ಕನ್ನು ಮುಟ್ಟುವುದಿಲ್ಲ. ಯಂತ್ರ ನಿಂತಿದೆ, ಸೋಮಪ್ಪನವರು ಗೊಣಗುತ್ತಿದ್ದಾರೆ. ಗೊಣಗಲಿ.

ಬಸವಣ್ಣೆಪ್ಪ


ಹುಕ್ಕೇರಿ
೫ ಜುಲೈ ೧೯೩೮
(ಕಾರ್ಡು)

ಐದೇ ಸರಿ. ತಪ್ಪು ನನ್ನದು. ಮೂರು ಸಲ ಓದಿದ್ದೆ, ಕಾಣಲಿಲ್ಲ.

ಬೆಳಗಿನ ತಾಸಿನಲ್ಲಿ ಆ ಸಾಲನ್ನು ತಪ್ಪಾಗಿಯೇ ಹಲಗೆಯ ಮೇಲೆ ಬರೆದು, ಏನು ತಪ್ಪಿದೆ ಹುಡುಕಿರಿ ಎಂದೆ. ಎಂಟು ಮಂದಿಯಲ್ಲಿ ಇಬ್ಬರಿಗೆ ಸಿಕ್ಕಿತು. ನಿಮಗಿಂತ ಮೊದಲೇ ಒಬ್ಬರು ಕಂಡುಹಿಡಿದಿದ್ದಾರೆ ಎಂದೆ, ಯಾರೆಂದು ಕೇಳಿದರು. ಗೋಕಾಕದಲ್ಲಿ ಮೊಳೆ ಜೋಡಿಸುವ ಅಲ್ಲಪ್ಪ ಎಂದೆ. ಎರಡನೇ ರಾಮವ್ವ, "ಅವರು ಎಷ್ಟನೇ ಇಯತ್ತೆರೀ?" ಎಂದಳು.

ನಮ್ಮದೇ, ಏಳನೇದು, ಎಂದೆ.

ಯಂತ್ರ ಓಡಿಸಿರಿ.

ಚನ್ನವ್ವ